ಸೊಸೆಯ ತವರು ಯಾವ ಅಧ್ಯಾಯದಲ್ಲಿದೆ?

2024ರ ಮಾರ್ಚ್ ಕೊನೆಯ ಒಂದು ಬೆಳಿಗ್ಗೆ. ನ್ಯಾಮತಿ ತಾಲ್ಲೂಕಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ದೊಡ್ಡಮ್ಮನಿಗೆ ಪೇಪರ್ ಓದಿ ಹೇಳುತ್ತಿದ್ದೆ. ಅವಳಿಗೆ ಓದು ಬರುತ್ತದೆ, ಕಣ್ಣು ಮಂಜು. ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ ಎರಡೂ ದೊಡ್ಡ ಪಕ್ಷಗಳು ಹೆಣ್ಣುಮಕ್ಕಳಿಗೇ ಟಿಕೆಟ್ ಕೊಟ್ಟಿದ್ದವು. ಒಬ್ಬರು ಡಾ. ಪ್ರಭಾ ಮಲ್ಲಿಕಾರ್ಜುನ್: ಸಚಿವ ಎಸ್.ಎಸ್. ಮಲ್ಲಿಕಾರ್ಜುನ್ ಅವರ ಪತ್ನಿ, ಶಾಸಕ ಶಾಮನೂರು ಶಿವಶಂಕರಪ್ಪನವರ ಸೊಸೆ. ಇನ್ನೊಬ್ಬರು ಗಾಯತ್ರಿ ಸಿದ್ದೇಶ್ವರ: ಸಂಸದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ, ಮಾಜಿ ಸಂಸದ ಜಿ. ಮಲ್ಲಿಕಾರ್ಜುನಪ್ಪನವರ ಸೊಸೆ. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುತ್ತ ಒಂದೇ ಪ್ರಶ್ನೆ ಕೇಳಿದಳು: “ಅಲ್ಲವ್ವಾ, ಇವ್ರ ತೌರುಮನೆ ಯಾವೂರಂತೆ?”

ಪೇಪರಿನಲ್ಲಿ ಅದಿರಲಿಲ್ಲ. ನಾನು ಪುಟ ತಿರುಗಿಸಿದೆ. ಮುಂದಿನ ಎರಡು ವರ್ಷ ನನ್ನ ಪಿಎಚ್‌.ಡಿ. ಅಧ್ಯಯನದ ಒಂದು ಅಧ್ಯಾಯ ಆ ಪ್ರಶ್ನೆಯ ಸುತ್ತಲೇ ತಿರುಗೀತು ಎಂದು ಆಗ ಗೊತ್ತಿರಲಿಲ್ಲ.

ನಾನು ಓದುತ್ತಿರುವುದು ಕನ್ನಡದಲ್ಲಿ ಬಂದಿರುವ ರಾಜಕಾರಣಿಗಳ ಜೀವನಕಥನಗಳನ್ನು. ಆತ್ಮಕಥೆ, ಅಭಿನಂದನ ಗ್ರಂಥಗಳು ಸರಿಯೇ. ಅವುಗಳ ಜೊತೆಗೆ ಚುನಾವಣೆಯ ಹೊತ್ತಿನ ಪರಿಚಯ ಪತ್ರ, ಪತ್ರಿಕೆಯ ‘ಅಭ್ಯರ್ಥಿ ಪರಿಚಯ’, ಶ್ರದ್ಧಾಂಜಲಿ ಲೇಖನ, ಜಾಲತಾಣದ ವ್ಯಕ್ತಿಚಿತ್ರಗಳನ್ನೂ ಸೇರಿಸಿಕೊಂಡಿದ್ದೇನೆ. ಇವನ್ನು ಸಾಹಿತ್ಯವೆಂದು ಯಾರೂ ಕರೆಯುವುದಿಲ್ಲ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಕಾದಂಬರಿಗಿಂತ ಹೆಚ್ಚು ಕೈ ಬದಲಿಸುವ ಗದ್ಯ ಇದೇ. ಇದಕ್ಕೂ ಒಂದು ಕಟ್ಟಳೆಯಿದೆ, ಅಲಂಕಾರವಿದೆ, ಕವಿಸಮಯವಿದೆ. ಹೀಗಾಗಿ ಇದನ್ನು ವಿಮರ್ಶೆಯ ಕಣ್ಣಿನಿಂದಲೇ ಓದಬೇಕು. ಈ ಲೇಖನ ಅದರ ಒಂದು ಭಾಗವನ್ನು ಮಾತ್ರ ನೋಡುತ್ತದೆ. ರಾಜಕೀಯ ಮನೆತನದಿಂದ ಬಂದವರ ಕಥನದಲ್ಲಿ ‘ಆರಂಭಿಕ ಜೀವನ’ ಎಂಬ ಮೊದಲ ಅಧ್ಯಾಯಕ್ಕೆ ಏನಾಗುತ್ತದೆ?

*

ಮೊದಲು ಊರಿನ ಲೆಕ್ಕ. ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಜಗಳೂರು, ಚನ್ನಗಿರಿ, ಹೊನ್ನಾಳಿ ಅವುಗಳಲ್ಲಿ ಮೂರು. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನಮ್ಮ ನ್ಯಾಮತಿ ಇಂದಿಗೂ ಮತ ಹಾಕುವುದು ಹೊನ್ನಾಳಿ ಕ್ಷೇತ್ರಕ್ಕೇ. ಕೆರೆ, ಭದ್ರಾ ನಾಲೆ, ಅಡಿಕೆ ಇರುವ ಚನ್ನಗಿರಿಗೂ, ಮಳೆ ಕೈಕೊಟ್ಟರೆ ಕುಡಿಯುವ ನೀರಿಗೂ ಪರದಾಡುವ ಜಗಳೂರಿಗೂ ಹೋಲಿಕೆಯೇ ಇಲ್ಲ. ಆದರೂ ಸಂಸತ್ತಿಗೆ ಒಬ್ಬರನ್ನೇ ಕಳಿಸಬೇಕು.

1996ರಿಂದ 2024ರವರೆಗೆ ಇಲ್ಲಿ ಎಂಟು ಸಾರ್ವತ್ರಿಕ ಚುನಾವಣೆಗಳಾದವು. ಎಂಟರಲ್ಲೂ ಗೆದ್ದವರು ಎರಡು ಮನೆಗಳವರು. 1996ರಲ್ಲಿ ಬಿಜೆಪಿಯ ಜಿ. ಮಲ್ಲಿಕಾರ್ಜುನಪ್ಪ, 1998ರಲ್ಲಿ ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪ, 1999ರಲ್ಲಿ ಮತ್ತೆ ಮಲ್ಲಿಕಾರ್ಜುನಪ್ಪ. 2004ರಿಂದ 2019ರವರೆಗೆ ನಾಲ್ಕು ಸಲ ಮಲ್ಲಿಕಾರ್ಜುನಪ್ಪನವರ ಮಗ ಸಿದ್ದೇಶ್ವರ. 2024ರಲ್ಲಿ ಶಾಮನೂರರ ಸೊಸೆ ಪ್ರಭಾ. ಸೋತವರನ್ನು ನೋಡಿದರೂ ಈ ಎಂಟರಲ್ಲಿ ಆರು ಸಲ ಸೋತದ್ದು ಇನ್ನೊಂದು ಮನೆಯೇ. 2004, 2009, 2014ರಲ್ಲಿ ಸಿದ್ದೇಶ್ವರರ ಎದುರು ಸೋತವರು ಎಸ್.ಎಸ್. ಮಲ್ಲಿಕಾರ್ಜುನ್. 2009ರಲ್ಲಿ ಅಂತರ ಬರೀ 2,024 ಮತ. 2024ರಲ್ಲಿ ಅವರ ಪತ್ನಿ ಸಿದ್ದೇಶ್ವರರ ಪತ್ನಿಯನ್ನು 26,094 ಮತಗಳಿಂದ ಸೋಲಿಸಿದರು. ಅಪ್ಪಂದಿರ ನಡುವೆ ಶುರುವಾದ ಪಂದ್ಯ ಮಕ್ಕಳಿಗೆ ದಾಟಿ, ಸೊಸೆಯರ ಕಾಲಕ್ಕೆ ಬಂದಿತ್ತು.

ಒಂದು ಕಾದಂಬರಿಗೆ ಆಗುವಷ್ಟು ಸಾಮಗ್ರಿ ಇದು. ಆದರೆ ಇದರ ಬಗ್ಗೆ ಬಂದ ಗದ್ಯ ಓದಿದರೆ ಅಲ್ಲಿ ಮನೆಗಳು ಕಾಣುತ್ತವೆ, ಮನುಷ್ಯರು ಕಾಣುವುದು ಕಡಿಮೆ.

*

ಮನುಷ್ಯರು ಮಾಯವಾಗುವುದು ಹೇಗೆ ಎಂಬುದನ್ನು ಒಂದು ಕ್ರಿಯಾಪದದಿಂದ ಶುರು ಮಾಡಬಹುದು. ಕನ್ನಡದ ಚುನಾವಣಾ ವರದಿಗೆ ‘ಕಣ’ವಿಲ್ಲದೆ ನಡೆಯುವುದಿಲ್ಲ. ಸ್ವಂತ ಬಲದಿಂದ ಬಂದವರು ‘ಕಣಕ್ಕಿಳಿಯುತ್ತಾರೆ’. ಮನೆತನದಿಂದ ಬಂದವರನ್ನು ಯಾರೋ ‘ಕಣಕ್ಕಿಳಿಸುತ್ತಾರೆ’. ಇಳಿ, ಇಳಿಸು. ನಡುವೆ ಒಂದು ಪ್ರೇರಣಾರ್ಥಕ ಪ್ರತ್ಯಯ ಅಷ್ಟೇ. ಆದರೆ ಆ ‘ಇಸು’ ಬಂದ ಕೂಡಲೇ ಕರ್ತೃಪದದಲ್ಲಿದ್ದ ಹೆಸರು ಕರ್ಮಪದಕ್ಕೆ ಹೋಗುತ್ತದೆ. ಪತ್ನಿಯನ್ನು ಕಣಕ್ಕಿಳಿಸಿದ ಸಚಿವರು, ಮಗನನ್ನು ಕಣಕ್ಕಿಳಿಸಿದ ಮಾಜಿ ಮುಖ್ಯಮಂತ್ರಿ. ವಾಕ್ಯದಲ್ಲಿ ಕೆಲಸ ಮಾಡುವವರು ಹಿರಿಯರು, ಚುನಾವಣೆಗೆ ನಿಂತವರು ದ್ವಿತೀಯಾ ವಿಭಕ್ತಿಯಲ್ಲಿರುತ್ತಾರೆ. ವರದಿಗಾರನಿಗೆ ಯಾರನ್ನೂ ಕುಗ್ಗಿಸುವ ಉದ್ದೇಶ ಇರಲಿಕ್ಕಿಲ್ಲ. ವ್ಯಾಕರಣ ಅವನಿಗಿಂತ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ.

ಎರಡನೆಯದು ‘ರಕ್ತಗತ’. ರಾಜಕೀಯ ರಕ್ತಗತವಾಗಿ ಬಂದಿದೆ ಎಂಬ ವಾಕ್ಯ ಇಂಥ ಪರಿಚಯಗಳಲ್ಲಿ ಎಷ್ಟು ಸಲ ಬರುತ್ತದೆಂದರೆ, ಓದುಗರ ಕಣ್ಣು ಅದರ ಮೇಲೆ ನಿಲ್ಲುವುದೂ ಇಲ್ಲ. ಅದರ ಜೊತೆಗೇ ‘ಕುಡಿ’ ಬರುತ್ತದೆ: ಆ ಮನೆತನದ ಕುಡಿ, ಈ ನಾಯಕರ ಕುಡಿ. ರಕ್ತ, ಕುಡಿ ಎರಡೂ ತಾವಾಗಿ ಹರಿಯುವ, ತಾವಾಗಿ ಚಿಗುರುವ ವಸ್ತುಗಳು. ಅಲ್ಲಿ ತೀರ್ಮಾನವಿಲ್ಲ, ಹಿಂಜರಿಕೆಯಿಲ್ಲ, ಒಲ್ಲೆನೆಂದ ರಾತ್ರಿಯಿಲ್ಲ. ಒಬ್ಬ ಮನುಷ್ಯ ರಾಜಕೀಯಕ್ಕೆ ಬಂದದ್ದು ಯಾಕೆ ಎಂಬ ಪ್ರಶ್ನೆಗೇ ಈ ರೂಪಕದಲ್ಲಿ ಜಾಗವಿಲ್ಲ.

ಸೊಸೆಯ ವಿಷಯಕ್ಕೆ ಬಂದಾಗ ಈ ರೂಪಕ ಕೈಕೊಡುತ್ತದೆ. ಸೊಸೆಯಲ್ಲಿ ಹರಿಯುವುದು ಆ ಮನೆಯ ರಕ್ತವಲ್ಲ. ಹಾಗಾಗಿ ಕಥನಕಾರ ಬೇರೆ ದಾರಿ ಹಿಡಿಯಬೇಕು. ಅವನು ಹಿಡಿಯುವ ದಾರಿ ‘ಸೇವೆ’. ಮದುವೆಯಾಗಿ ಬಂದ ಮೇಲೆ ಮನೆತನದ ಸೇವಾಕಾರ್ಯದಲ್ಲಿ ತೊಡಗಿಸಿಕೊಂಡರು, ಟ್ರಸ್ಟ್ ನೋಡಿಕೊಂಡರು, ಶಿಬಿರ ನಡೆಸಿದರು, ಆಮೇಲೆ ಜನರ ಒತ್ತಾಯಕ್ಕೆ ಮಣಿದು ರಾಜಕೀಯಕ್ಕೆ ಬಂದರು. ಈ ಕಥೆಯಲ್ಲಿ ಜೀವನ ಶುರುವಾಗುವುದೇ ಹೊಸಿಲು ದಾಟಿ ಒಳಬಂದ ದಿನ. ಅದಕ್ಕೂ ಹಿಂದಿನ ಇಪ್ಪತ್ತು ಇಪ್ಪತ್ತೈದು ವರ್ಷ ಏನಾಯಿತು? ‘ಆರಂಭಿಕ ಜೀವನ’ ಎಂಬ ತಲೆಬರಹದ ಕೆಳಗೆ ಗಂಡನ ಮನೆಯ ಇತಿಹಾಸವಿರುತ್ತದೆ.

ಸರ್ಕಾರದ ನಮೂನೆಗಳೂ ಇದಕ್ಕಿಂತ ಹೆಚ್ಚೇನೂ ಕೇಳುವುದಿಲ್ಲ. 2002ರ ಸುಪ್ರೀಂ ಕೋರ್ಟ್ ತೀರ್ಪಿನ ತರುವಾಯ ಅಭ್ಯರ್ಥಿಗಳು ಕೊಡಬೇಕಾದ ಪ್ರಮಾಣಪತ್ರ ನನ್ನ ಮಟ್ಟಿಗೆ ನಮ್ಮ ಕಾಲದ ಅತ್ಯಂತ ಪ್ರಾಮಾಣಿಕ ಜೀವನಚರಿತ್ರೆ. ಅದರಲ್ಲಿ ವಿಶೇಷಣಗಳಿಲ್ಲ. ಯಾರ ಮಗ, ಯಾರ ಮಗಳು, ಯಾರ ಪತ್ನಿ ಎಂಬುದರಿಂದ ಶುರುವಾಗಿ ಆಸ್ತಿ, ಸಾಲ, ಮೊಕದ್ದಮೆ, ಓದು, ವೃತ್ತಿಗೆ ಮುಗಿಯುತ್ತದೆ. ಲೋಕಸಭೆಯ ಸದಸ್ಯರ ಪರಿಚಯದಲ್ಲಿ ಹುಟ್ಟಿದ ಊರು, ತಂದೆ ತಾಯಿ, ಮದುವೆಯ ದಿನಾಂಕ, ಹವ್ಯಾಸ ಕೂಡ ಇರುತ್ತವೆ. ನಿಮ್ಮನ್ನು ನಿಲ್ಲಲು ಹೇಳಿದವರು ಯಾರು, ನೀವು ಏನೆಂದಿರಿ ಎಂಬ ಕಲಂ ಮಾತ್ರ ಯಾವುದರಲ್ಲೂ ಇಲ್ಲ. ಅದು ನಮೂನೆಯ ಕೆಲಸವೂ ಅಲ್ಲ, ಜೀವನಚರಿತ್ರೆಕಾರನ ಕೆಲಸ. ಅವನು ಅದನ್ನು ಮಾಡುತ್ತಿಲ್ಲ.

*

ಪ್ರಭಾ ಅವರ ವಿಷಯದಲ್ಲಿ ಇದನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಅವರು ದಂತವೈದ್ಯೆ. ಅವರ ಪರಿಚಯಗಳಲ್ಲಿ ನಿಸ್ಸಂಶಯವಾಗಿ ಅವರದೇ ಆದ ಸಂಗತಿ ಇದೊಂದು. ಪದವಿಯನ್ನು ಯಾರೂ ರಕ್ತದಲ್ಲಿ ಪಡೆಯಲಾರರು, ಓದಿಯೇ ಪಡೆಯಬೇಕು. ಒಬ್ಬ ಒಳ್ಳೆಯ ಜೀವನಚರಿತ್ರೆಕಾರ ಇಲ್ಲಿ ನಿಲ್ಲುತ್ತಿದ್ದ. ಹುಡುಗಿಯೊಬ್ಬಳು ವೈದ್ಯಕೀಯ ವಿಜ್ಞಾನದ ಈ ಶಾಖೆಗೆ ಬಂದದ್ದು ಹೇಗೆ? ಹಲ್ಲುನೋವೆಂದು ಬಾಯಿ ತೆರೆದು ಕೂತವರಿಂದ ಕಲಿತದ್ದೇನು? ಅಡಿಕೆ ಬೆಳೆಯುವ, ಅಡಿಕೆ ಅಗಿಯುವ ಸೀಮೆಯಲ್ಲಿ ಬಾಯಿಯ ಆರೋಗ್ಯ ನೋಡುವ ವೈದ್ಯರಿಗೆ ಹೇಳಲು ಕಥೆಗಳು ಇಲ್ಲದೆ ಹೋದಾವೇ? ಆದರೆ ನಾನು ಓದಿದ ಪರಿಚಯಗಳಲ್ಲಿ ಈ ಸಂಗತಿ ಹೆಸರಿನ ಹಿಂದಿನ ‘ಡಾ.’ ಆಗಿ ನಿಂತುಬಿಡುತ್ತದೆ. ಮರುವಾಕ್ಯದಲ್ಲೇ ಎಸ್.ಎಸ್. ಕೇರ್ ಟ್ರಸ್ಟ್, ಆರೋಗ್ಯ ಶಿಬಿರ, ಮಾವನವರ ಕನಸು ಬಂದುಬಿಡುತ್ತವೆ.

ಮಾವನವರ ಕಥೆ ಸಣ್ಣದಲ್ಲ, ಒಪ್ಪುತ್ತೇನೆ. 1931ರಲ್ಲಿ ಹುಟ್ಟಿದ ಶಾಮನೂರು ಶಿವಶಂಕರಪ್ಪನವರು ತೊಂಬತ್ತು ದಾಟಿದ ಮೇಲೂ, 2023ರಲ್ಲಿ, ದಾವಣಗೆರೆ ದಕ್ಷಿಣದಿಂದ ಶಾಸಕರಾಗಿ ಗೆದ್ದರು. 1958ರಲ್ಲಿ ಶುರುವಾದ ಬಾಪೂಜಿ ವಿದ್ಯಾಸಂಸ್ಥೆಯ ಚುಕ್ಕಾಣಿ ಹಿಡಿದವರು, ಕೆಪಿಸಿಸಿಗೆ ಬಹುಕಾಲ ಖಜಾಂಚಿಯಾಗಿದ್ದವರು, ಅಖಿಲ ಭಾರತ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದವರು. 2016ರಲ್ಲಿ ಸಿದ್ದರಾಮಯ್ಯ ಸಂಪುಟದಿಂದ ಅವರು ಹೊರಬಂದಾಗ ಅವರ ಮಗನೇ ಒಳಹೋದರು. ಮಂತ್ರಿಗಿರಿಯೂ ಮನೆಯ ಬೀಗದ ಕೈಯಂತೆ ದಾಟಿದ ಆ ಪ್ರಸಂಗವನ್ನು ಆಗ ಯಾರೂ ವಿಚಿತ್ರವೆಂದು ನೋಡಿದಂತೆ ನೆನಪಿಲ್ಲ. ಇಷ್ಟು ದೊಡ್ಡ ನೆರಳಿನಲ್ಲಿ ಇನ್ನೊಬ್ಬರ ಮೊದಲ ಅಧ್ಯಾಯ ಕಾಣದಿರುವುದು ಸಹಜವೇ.

ಅದೇ ಚುನಾವಣೆಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಎದುರು ಪಕ್ಷದ ಗಾಯತ್ರಿಯವರು ಅಡುಗೆಮನೆಗಷ್ಟೇ ಲಾಯಕ್ಕು ಎಂಬರ್ಥದ ಮಾತನ್ನು ಶಿವಶಂಕರಪ್ಪನವರು ಸಭೆಯೊಂದರಲ್ಲಿ ಆಡಿದರು. ದೇಶದ ಪತ್ರಿಕೆಗಳಲ್ಲೆಲ್ಲ ಅದು ಸುದ್ದಿಯಾಯಿತು, ಚುನಾವಣಾ ಆಯೋಗಕ್ಕೆ ದೂರು ಹೋಯಿತು. ಗಾಯತ್ರಿಯವರು ಬಹಿರಂಗವಾಗಿಯೇ ಉತ್ತರ ಕೊಟ್ಟರು. ಮಾತು ತಪ್ಪು ಎನ್ನಲು ವಿಮರ್ಶಕಿ ಬೇಕಿಲ್ಲ. ನನಗೆ ಕುತೂಹಲ ಅದರ ಒಳರಚನೆಯ ಬಗ್ಗೆ. ಆ ಮಾತು ಆಡಿದ ಹಿರಿಯರ ಮನೆಯ ಅಭ್ಯರ್ಥಿಯೂ ಹೆಂಗಸೇ, ಸೊಸೆಯೇ. ಹಾಗಾದರೆ ಅಡುಗೆಮನೆ ಹೆಂಗಸರೆಲ್ಲರ ಜಾಗವೆಂದು ಅವರು ಹೇಳಿದಂತಾಗಲಿಲ್ಲ. ನಮ್ಮ ಮನೆಯ ಸೊಸೆ ವೇದಿಕೆಯ ಮೇಲೆ, ನಿಮ್ಮ ಮನೆಯ ಸೊಸೆ ಒಲೆಯ ಮುಂದೆ ಎಂದಂತಾಯಿತು. ಹೊಗಳಿಕೆ ಮತ್ತು ಹೀಯಾಳಿಕೆ ಎರಡರಲ್ಲೂ ಇಬ್ಬರು ಹೆಣ್ಣುಮಕ್ಕಳು ಮನೆಗಳ ಗುರುತಾಗಿಯೇ ಉಳಿದರು.

ಇದನ್ನು ಟೀಕಿಸುವವರ ಗದ್ಯವೂ ಬೇರೆಯಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ‘ಕುಟುಂಬ ರಾಜಕಾರಣ’ ಎಂದು ಬರೆಯುವ ಪ್ರಗತಿಪರ ಲೇಖನವೂ ಅದೇ ಪಟ್ಟಿ ಕೊಡುತ್ತದೆ: ಯಾರ ಮಗ, ಯಾರ ಮಗಳು, ಯಾರ ಸೊಸೆ. 2024ರಲ್ಲಿ ಅಂಥ ಪಟ್ಟಿಗೆ ಬರವಿರಲಿಲ್ಲ. ಚಿಕ್ಕೋಡಿಯಲ್ಲಿ ಪ್ರಿಯಾಂಕಾ ಜಾರಕಿಹೊಳಿ, ಬೀದರಿನಲ್ಲಿ ಸಾಗರ್ ಖಂಡ್ರೆ, ಚಾಮರಾಜನಗರದಲ್ಲಿ ಸುನಿಲ್ ಬೋಸ್ ಗೆದ್ದರು. ಬಾಗಲಕೋಟೆಯಲ್ಲಿ ಸಂಯುಕ್ತಾ ಪಾಟೀಲ, ಬೆಳಗಾವಿಯಲ್ಲಿ ಮೃಣಾಲ್ ಹೆಬ್ಬಾಳಕರ ಸೋತರು. ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಒಬ್ಬ ಮಾಜಿ ಮುಖ್ಯಮಂತ್ರಿಯ ಮಗ ಇನ್ನೊಬ್ಬ ಮಾಜಿ ಮುಖ್ಯಮಂತ್ರಿಯ ಮಗಳನ್ನು ಸೋಲಿಸಿದರು. ರಾಜ್ಯದ 28 ಸ್ಥಾನಗಳಲ್ಲಿ ಗೆದ್ದ ಹೆಂಗಸರು ಮೂವರು. ಅವರಲ್ಲಿ ಇಬ್ಬರು ಮಂತ್ರಿಗಳ ಮನೆಯವರು. ಪಟ್ಟಿ ಸರಿ, ಸಿಟ್ಟೂ ಸರಿ. ಆದರೆ ಪಟ್ಟಿಯಲ್ಲಿ ಸೇರಿದವರೊಬ್ಬರನ್ನೂ ಲೇಖನ ಬಿಡಿಸಿ ನೋಡುವುದಿಲ್ಲ. ಅಭಿನಂದನ ಗ್ರಂಥ ಯಾವ ಪುಟವನ್ನು ಹರಿಯಿತೋ ಖಂಡನೆಯ ಲೇಖನವೂ ಅದೇ ಪುಟವನ್ನು ಹರಿಯುತ್ತದೆ.

*

ಹಾಗಾದರೆ ಮೊದಲ ಅಧ್ಯಾಯ ಇರುವ ಕಥನ ಹೇಗಿರುತ್ತದೆ? ಉದಾಹರಣೆಗೆ ದೂರ ಹೋಗಬೇಕಿಲ್ಲ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿಗೆ ಹೋದರೆ ಸಾಕು. ಜೆ.ಎಚ್. ಪಟೇಲರು 1930ರಲ್ಲಿ ಹುಟ್ಟಿದ್ದು ಅಲ್ಲಿ. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಬಳಗ, 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆ, ಅಲ್ಲಿ ಕನ್ನಡದಲ್ಲೇ ಎದ್ದು ಮಾತಾಡಿದ್ದು, ತುರ್ತು ಪರಿಸ್ಥಿತಿಯ ಜೈಲು, 1996ರಲ್ಲಿ ಮುಖ್ಯಮಂತ್ರಿ ಪದವಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದ್ದು ಅವರ ಕಾಲದಲ್ಲಿ. ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿಯೂ ಚಿತ್ರದುರ್ಗದಲ್ಲಿದ್ದ ಜಗಳೂರೂ ಒಂದೇ ಜಿಲ್ಲೆಗೆ ಸೇರಿದ್ದು ಹಾಗೆ. ಪಟೇಲರ ಕಥೆ ಹೇಳುವವರು ಯಾರೇ ಆಗಲಿ, ಬಾಲ್ಯ ಮತ್ತು ತಾರುಣ್ಯವನ್ನು ಬಿಡುವುದಿಲ್ಲ. ಯಾಕೆಂದರೆ ಆ ಕಥೆಯಲ್ಲಿ ಮುಂದಿನದೆಲ್ಲ ಹಿಂದಿನದರಿಂದಲೇ ಬರಬೇಕು. ಲೋಹಿಯಾ ಓದಿದ್ದರಿಂದ ಕನ್ನಡದಲ್ಲಿ ಮಾತಾಡಿದರು, ಗೋಪಾಲಗೌಡರ ಜೊತೆಗಿದ್ದರಿಂದ ಜೈಲಿಗೆ ಹೋದರು, ಹೀಗೆ.

ಇದೇ ಬಳಗದ ಕಥೆ ಕನ್ನಡಕ್ಕೆ ಒಂದು ಮುಖ್ಯ ಕಾದಂಬರಿಯನ್ನೂ ಕೊಟ್ಟಿದೆ. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ (1978) ಗೋಪಾಲಗೌಡರ ಬದುಕಿನಿಂದ ಪ್ರೇರಣೆ ಪಡೆದದ್ದೆಂಬುದು ಎಲ್ಲರಿಗೂ ಗೊತ್ತಿರುವುದೇ. ಕಾಯಿಲೆಯಿಂದ ಹಾಸಿಗೆ ಹಿಡಿದ ನಾಯಕ ಕೃಷ್ಣಪ್ಪ ತನ್ನ ಹಿಂದನ್ನು ನೆನೆಯುವುದೇ ಅಲ್ಲಿನ ಕಥನಕ್ರಮ. ದನ ಕಾಯುತ್ತಿದ್ದ ಹುಡುಗ ಹೇಗೆ ನಾಯಕನಾದ ಎಂಬುದು ಅಲಂಕಾರಕ್ಕಾಗಿ ಬಂದದ್ದಲ್ಲ. ನಾಯಕನಾಗಿ ಅವನು ಮಾಡಿದ ರಾಜಿಗಳನ್ನು ಆ ಬಾಲ್ಯದ ಎದುರಿಟ್ಟು ಅಳೆಯುವುದಕ್ಕಾಗಿ. ಮೊದಲ ಅಧ್ಯಾಯದ ನಿಜವಾದ ಉಪಯೋಗ ಇದು. ಅದು ಮುಂದಿನ ಅಧ್ಯಾಯಗಳಿಗೆ ಅಳತೆಗೋಲು. ಬಾಲ್ಯವೇ ಇಲ್ಲದ ಕಥಾನಾಯಕನನ್ನು ಯಾವುದರಿಂದ ಅಳೆಯೋಣ? ಅವನು ಕೆಟ್ಟರೂ ಏನು ಕೆಟ್ಟಿತೆಂದು ಹೇಳಲಾಗುವುದಿಲ್ಲ, ಬೆಳೆದರೂ ಎಲ್ಲಿಂದ ಬೆಳೆದನೆಂದು ಹೇಳಲಾಗುವುದಿಲ್ಲ.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ತಡೆ ಹಾಕಿಕೊಳ್ಳಬೇಕು. ಜಯದೇವಪ್ಪ ಹಾಲಪ್ಪ ಪಟೇಲ್ ಎಂಬ ಹೆಸರನ್ನೇ ನೋಡಿ. ಪಟೇಲ ಎಂಬುದು ಊರಿನ ಹುದ್ದೆ. ಕಂದಾಯ, ಕಾವಲು, ನ್ಯಾಯ ನೋಡುತ್ತಿದ್ದ, ತಂದೆಯಿಂದ ಮಗನಿಗೆ ಬರುತ್ತಿದ್ದ ಹುದ್ದೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ವಂಶಪಾರಂಪರ್ಯವನ್ನು ತೆಗೆದುಹಾಕಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಮನೆತನವಿಲ್ಲದೆ ಬಂದವರೆಂದು ನಾವು ಪ್ರೀತಿಯಿಂದ ಹೇಳುವ ಸಮಾಜವಾದಿ ನಾಯಕನ ಹೆಸರಿನಲ್ಲೇ ಒಂದು ಮನೆತನ ಕೂತಿದೆ. ಮುಂದೆ ಅವರ ಮಗ ಮಹಿಮ ಪಟೇಲರೂ 2004ರಲ್ಲಿ ಚನ್ನಗಿರಿಯಿಂದಲೇ ಶಾಸಕರಾದರು. ಸಿದ್ಧಾಂತದ ಕಥೆಯೂ ಎರಡನೇ ತಲೆಮಾರಿಗೆ ಮನೆಯ ಕಥೆಯೇ ಆಯಿತು. ಅಂದರೆ ‘ಸ್ವಂತ ಬಲದವರು’ ಮತ್ತು ‘ಮನೆತನದವರು’ ಎಂಬ ಗೆರೆ ನಾವು ಎಳೆದಷ್ಟು ನೇರವಾಗಿಲ್ಲ. ಆದರೆ ಮನೆತನ ಪಟೇಲರನ್ನು 1999ರ ಸೋಲಿನಿಂದ ಕಾಯಲಿಲ್ಲ ಎಂಬುದೂ ನಿಜ. ಮುಖ್ಯಮಂತ್ರಿಯಾಗಿದ್ದವರನ್ನು ಅವರ ಊರಿನ ಕ್ಷೇತ್ರವೇ ಸೋಲಿಸಿತು.

ಮೂರನೆಯ ಬಗೆಯ ಕಥೆ ಜಗಳೂರಿನದು. 2023ರಲ್ಲಿ ಅಲ್ಲಿ ಗೆದ್ದ ಬಿ. ದೇವೇಂದ್ರಪ್ಪ ಹಿಂದೆ ವಿದ್ಯಾಸಂಸ್ಥೆಯೊಂದರಲ್ಲಿ ಜವಾನರಾಗಿದ್ದವರು. ಗೆದ್ದ ಮೇಲೆ ಅದೇ ಅಂಗಳಕ್ಕೆ ಹೋಗಿ ಪೊರಕೆ ಹಿಡಿದು ಗುಡಿಸಿದರು. ಆ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಇಲ್ಲಿ ಎಲ್ಲವೂ ಆರಂಭಿಕ ಜೀವನವೇ. ಮನ ಮುಟ್ಟುವ ಕಥೆ, ಅನುಮಾನವಿಲ್ಲ. ಆದರೆ ಓದುಗಳಾಗಿ ನನಗೆ ಇಲ್ಲೂ ಒಂದು ತೊಡಕಿದೆ. ಪೊರಕೆಯ ಚಿತ್ರ ಎಷ್ಟು ಪ್ರಬಲವೆಂದರೆ ಅದರಾಚೆಗೆ ಕಥೆ ಸಾಗುವುದಿಲ್ಲ. ಜವಾನನಿಂದ ಶಾಸಕನವರೆಗಿನ ನಡುವಿನ ವರ್ಷಗಳು, ಕಟ್ಟಿದ ಸಂಬಂಧಗಳು, ಪಕ್ಷದೊಳಗಿನ ಹೋರಾಟ ಎಲ್ಲ ಪೊರಕೆಯ ಹಿಂದೆ ಮರೆಯಾಗುತ್ತವೆ. ದಾವಣಗೆರೆಯ ಕಥೆಗೆ ಮೊದಲ ಅಧ್ಯಾಯವಿಲ್ಲ, ಜಗಳೂರಿನ ಕಥೆಗೆ ಮೊದಲ ಅಧ್ಯಾಯವಷ್ಟೇ ಇದೆ.

*

ಇಷ್ಟು ಬರೆದು ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಓದಿ, “ಎಲ್ಲ ಸರಿಯಮ್ಮ, ಆದರೆ ಜನ ಯಾಕೆ ಮನೆಗೆ ಓಟು ಹಾಕ್ತಾರೆ ಅನ್ನೋದನ್ನ ನೀನು ಬರೆದೇ ಇಲ್ಲ” ಎಂದರು. ಅವರು ಹೇಳಿದ್ದು ನ್ಯಾಯ. ಕಥನವನ್ನು ಬರೆಯುವವನ ತಪ್ಪೆಂದು ತೋರಿಸಿ ನಾನು ಕೈ ತೊಳೆದುಕೊಂಡಿದ್ದೆ.

ಜನ ಮೂಢರಲ್ಲ. ನಮ್ಮ ಊರಿನಲ್ಲಿ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಮೊದಲು ನೆನಪಾಗುವುದು ದಾವಣಗೆರೆಯ ಆಸ್ಪತ್ರೆ, ಅದರ ಹಿಂದೆಯೇ ಅಲ್ಲಿ ಹೇಳಿಸಲು ಯಾರಿದ್ದಾರೆ ಎಂಬ ಯೋಚನೆ. ಮಗನಿಗೆ ಕಾಲೇಜಿನಲ್ಲಿ ಸೀಟು ಬೇಕು, ಫೀಸು ಎರಡು ಕಂತಿನಲ್ಲಿ ಕಟ್ಟಲು ಅವಕಾಶ ಬೇಕು. ಆ ಎರಡು ಮನೆಗಳೂ ಚುನಾವಣೆಗೆ ನಿಲ್ಲುವ ಮನೆಗಳಷ್ಟೇ ಅಲ್ಲ. ಒಂದರ ಹಿಂದೆ ಬಾಪೂಜಿಯ ಕಾಲೇಜು, ಆಸ್ಪತ್ರೆಗಳು, ಇನ್ನೊಂದರ ಹಿಂದೆ ಜಿ.ಎಂ. ಹೆಸರಿನ ಎಂಜಿನಿಯರಿಂಗ್ ಕಾಲೇಜು. ಸರ್ಕಾರದ ಕಚೇರಿ ಐದೂವರೆಗೆ ಬಾಗಿಲು ಹಾಕುತ್ತದೆ, ಮನೆಯ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ ಜನರದು. ಅವರು ಮತ ಹಾಕುವುದು ಆ ಬಾಗಿಲಿಗೆ. ಬಾಗಿಲಿಗೆ ಬಾಲ್ಯ ಬೇಕಿಲ್ಲ, ತೆರೆದಿದ್ದರೆ ಸಾಕು. ಪರಿಚಯ ಪತ್ರದ ಗದ್ಯದಲ್ಲಿ ಮನುಷ್ಯರ ಜಾಗದಲ್ಲಿ ಮನೆ ಕಾಣುವುದಕ್ಕೆ ಇದೂ ಒಂದು ಕಾರಣ. ಬರೆಯುವವರು ಸುಳ್ಳು ಬರೆಯುತ್ತಿಲ್ಲ, ಕೇಳುವವರಿಗೆ ಬೇಕಾದ್ದನ್ನು ಬರೆಯುತ್ತಿದ್ದಾರೆ.

ಆದರೂ ದೊಡ್ಡಮ್ಮ ತವರು ಯಾವುದೆಂದು ಕೇಳಿದಳಲ್ಲ? ಅವಳಿಗೂ ಬಾಗಿಲಷ್ಟೇ ಸಾಕಾಗಿದ್ದರೆ ಆ ಪ್ರಶ್ನೆ ಯಾಕೆ ಬರಬೇಕಿತ್ತು?

*

ದೊಡ್ಡಮ್ಮ ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದಳು. ಸೀಟು ಹೆಂಗಸರಿಗೆ ಮೀಸಲಾಗಿತ್ತು, ದೊಡ್ಡಪ್ಪ ನಿಲ್ಲಿಸಿದರು. ನೋಡಿ, ನಾನೂ ‘ನಿಲ್ಲಿಸಿದರು’ ಎಂದೇ ಬರೆದೆ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಯಾರಾದರೂ ಅರ್ಜಿ ಹಿಡಿದು ಬಾಗಿಲಿಗೆ ಬಂದು “ಮೆಂಬ್ರು ಅದಾರಾ?” ಎಂದರೆ ದೊಡ್ಡಮ್ಮ ಒಳಗಿನಿಂದಲೇ, “ಇಲ್ಲಪ್ಪ, ತೋಟಕ್ಕೆ ಹೋಗ್ಯಾರೆ, ಸಂಜಿಗೆ ಬರ್ರಿ” ಎನ್ನುತ್ತಿದ್ದಳು. ತೋಟಕ್ಕೆ ಹೋದವರು ದೊಡ್ಡಪ್ಪ. ಮೆಂಬರು ಅವಳೇ. ಮನೆಯವರೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಹೋದ ಬೇಸಿಗೆಯಲ್ಲಿ ನನ್ನ ಅ‍ಧ್ಯಯನದ ನೆಪ ಮಾಡಿಕೊಂಡು ಅವಳ ಕಥೆ ಕೇಳಿದೆ. ಅವಳ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಒಂದು ಬರದ ವರ್ಷ ಊರಿನ ಕೈಪಂಪು ಕೆಟ್ಟು, ತಿಂಗಳಾದರೂ ಯಾರೂ ಬರಲಿಲ್ಲವಂತೆ. ಹುಡುಗಿಯರು, ಹೆಂಗಸರು ಖಾಲಿ ಕೊಡ ಹೊತ್ತು ಬಸ್ಸಿನಲ್ಲಿ ಜಗಳೂರಿಗೆ ಹೋಗಿ ತಾಲ್ಲೂಕು ಕಚೇರಿ ಮೆಟ್ಟಿಲ ಮೇಲೆ ಕೊಡ ಸಾಲಾಗಿ ಇಟ್ಟು ಕೂತರು. “ಮಾತಾಡೋಕೆ ಯಾರೂ ಮುಂದೆ ಬರಲಿಲ್ಲ. ನಾನೇ ಎದ್ದೆ. ಏನ್ ಮಾತಾಡಿದ್ನೋ ಈಗ ನೆಪ್ಪಿಲ್ಲ. ಕಾಲು ನಡುಗ್ತಿದ್ದದ್ದು ಮಾತ್ರ ನೆಪ್ಪೈತಿ.” ಅವಳಿಗಾಗ ಹದಿನಾರು. ಮರುವರ್ಷ ಮದುವೆ.

ಮೆಂಬರಾಗಿ ಅವಳು ಹಟ ಹಿಡಿದು ಮಾಡಿಸಿದ ಕೆಲಸ ಒಂದೇ. ಊರಾಚೆಯ ಕಾಲೊನಿಗೆ ನಲ್ಲಿ ಹಾಕಿಸಿದ್ದು. ಅದು ದೊಡ್ಡಪ್ಪನ ಕೆಲಸವೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಆ ನಲ್ಲಿಯ ಹಿಂದೆ ಜಗಳೂರಿನ ಕೈಪಂಪು ಇತ್ತು. ನಮ್ಮ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ತವರಿನ ಕಥೆ ಕೇಳಿರಲಿಲ್ಲ. ಅವಳ ರಾಜಕೀಯ ಶುರುವಾದದ್ದು ದೊಡ್ಡಪ್ಪ ನಾಮಪತ್ರ ತಂದ ದಿನವಲ್ಲ, ಅದಕ್ಕೂ ಮೂವತ್ತು ವರ್ಷ ಮೊದಲು, ಕಾಲು ನಡುಗುತ್ತ ಎದ್ದು ನಿಂತ ದಿನ. ಆ ದಿನವನ್ನು ಕತ್ತರಿಸಿ ಹಾಕಿದರೆ ಅವಳು ಗಂಡನ ಬದಲಿಗೆ ಸಹಿ ಹಾಕಿದವಳು. ಸೇರಿಸಿಕೊಂಡರೆ ಅವಳೂ ಒಬ್ಬ ರಾಜಕಾರಣಿ.

ಇಷ್ಟನ್ನು ತಿಳಿದ ಮೇಲೆ ಅವಳ ಪ್ರಶ್ನೆ ನನಗೆ ಬೇರೆಯಾಗಿ ಕೇಳಿಸುತ್ತದೆ. ಅದು ಹೆಂಗಸರ ಕಾಡುಹರಟೆಯಲ್ಲ, ಜಾತಿ ಪತ್ತೆ ಮಾಡುವ ಜಾಣತನವೂ ಅಷ್ಟೇ ಅಲ್ಲ. ಈ ಮನೆಗೆ ಬರುವ ಮೊದಲು ನೀನು ಯಾರಾಗಿದ್ದೆ, ಏನನ್ನು ಕಂಡು ಬಂದೆ ಎಂದು ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸನ್ನು ಕೇಳುವ ಬಗೆ ಅದು. ಕೆಳದಿಯ ಚೆನ್ನಮ್ಮನ ಹೆಸರಿನಿಂದಲೇ ಚನ್ನಗಿರಿಗೆ ಆ ಹೆಸರು ಬಂತೆಂದು ಊರವರು ಹೇಳುತ್ತಾರೆ. ಗಂಡ ಸೋಮಶೇಖರ ನಾಯಕನ ತರುವಾಯ ಇಪ್ಪತ್ತೈದು ವರ್ಷ ರಾಜ್ಯವಾಳಿದ, ಔರಂಗಜೇಬನನ್ನು ಲೆಕ್ಕಿಸದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ. ಅವಳ ತವರಿನ ಬಗ್ಗೆ ಶಾಲೆಯಲ್ಲಿ ನಾವು ಓದಿದ್ದು, ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು ಎಂಬ ಒಂದು ಸಾಲು. ಅಷ್ಟು ಧೈರ್ಯವನ್ನು ಅವಳು ಅರಮನೆಯಲ್ಲಿ ಕಲಿತಳೋ ತಂದೆಯ ಮನೆಯಿಂದ ತಂದಳೋ ಎಂದು ನಾವು ಕೇಳಲಿಲ್ಲ. ಮುನ್ನೂರು ವರ್ಷವಾದರೂ ನಮ್ಮ ಗದ್ಯ ಆ ಒಂದು ಸಾಲಿನಿಂದ ಮುಂದೆ ಹೋಗಿಲ್ಲ.

ಇನ್ನು ಮುಂದೆ ಹೋಗಲೇಬೇಕಾದ ಕಾಲ ಬರುತ್ತಿದೆ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಹೆಂಗಸರಿಗೆ ಎಂದು 2023ರ ಸಂವಿಧಾನ ತಿದ್ದುಪಡಿ ಹೇಳಿದೆ. ಅದು ಜಾರಿಗೆ ಬಂದಾಗ ಪಕ್ಷಗಳು ಮೊದಲು ಬಾಗಿಲು ತಟ್ಟುವುದು ಯಾವ ಮನೆಗಳದ್ದು ಎಂಬುದನ್ನು ದಾವಣಗೆರೆ ಈಗಲೇ ತೋರಿಸಿದೆ. ಆಗ ನೂರಾರು ಸೊಸೆಯರ, ಮಗಳಂದಿರ ಪರಿಚಯ ಪತ್ರಗಳು ಅಚ್ಚಾಗುತ್ತವೆ. ಅವರನ್ನು ಮನೆತನದ ಗೊಂಬೆಗಳೆಂದು ಸಾರಾಸಗಟಾಗಿ ತಳ್ಳಿಹಾಕುವುದು ಸುಲಭ, ಮನೆಮಗಳು ಎಂದು ಆರತಿ ಎತ್ತುವುದು ಇನ್ನೂ ಸುಲಭ. ಬರೆಯುವವರಾದ ನಾವು ಮಾಡಬೇಕಾದ್ದು ಕಷ್ಟದ ಕೆಲಸ. ಅವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಹೊಸಿಲು ದಾಟುವ ಮೊದಲಿನ ಕಥೆ ಕೇಳಬೇಕು. ಅಲ್ಲಿ ಏನೂ ಸಿಗದಿದ್ದರೆ ಅದನ್ನೂ ಬರೆಯಬೇಕು. ಮತ ಕೇಳುವವರಿಗೆ ಮೊದಲ ಅಧ್ಯಾಯವಿರಲಿ ಎಂದು ಬಯಸುವುದು ಅವರಿಗೆ ಮಾಡುವ ಉಪಕಾರವಲ್ಲ. ಆಮೇಲೆ ಅವರನ್ನು ಅಳೆಯಲು ನಮಗೆ ಅದು ಬೇಕು.

ಮೊನ್ನೆ ಊರಿಗೆ ಹೋದಾಗ, ಬರೆದುಕೊಂಡ ದೊಡ್ಡಮ್ಮನ ಕಥೆಯನ್ನು ಅವಳಿಗೇ ಓದಿ ಹೇಳಿದೆ. ಕೊಡ ಸಾಲಾಗಿ ಇಟ್ಟ ಭಾಗ ಬಂದಾಗ ತಡೆದಳು. “ನಾನೊಬ್ಳೇ ಅಂತ ಬರೀಬ್ಯಾಡ. ಹದಿಮೂರು ಕೊಡ ಇದ್ವು.” ತಿದ್ದಿಕೊಂಡೆ.